ಬೆಳಕು ನುಗ್ಗಿದ ರೀಲು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ಒಂದೇ ಕೆಲಸ. ದೀಪಿಕಳ ಪ್ರೀ-ವೆಡ್ಡಿಂಗ್ ಫೋಟೊಗಳನ್ನು ಹಳೇವರ ಹಾಗೆ ಮಾಡುವುದು. ಮದ್ದೂರಿನ ಶಿಂಷಾ ಸೇತುವೆ ಹತ್ತಿರ ತೆಗೆದವು. ಹೊಸ ಕ್ಯಾಮೆರಾ, ರೆಪ್ಪೆಗೂದಲೂ ಎಣಿಸಬಹುದು. ಈಗ ಅದರ ಮೇಲೆ ಹಳೇ ರೀಲಿನ ಚುಕ್ಕೆ ಚುಕ್ಕೆ ಗ್ರೇನ್ ಉದುರಿಸು, ಬಣ್ಣ ಮಾಸಿಸು, ಗೀರು ಎಳೆ. ಹುಡುಗಿ ಮಳವಳ್ಳಿಯವಳು, ಬ್ಯಾಂಕಿನಲ್ಲಿ ಕೆಲಸ. "ಅಕ್ಕಾ, ರೀಲ್ ಕಾಲದ ಫೋಟೊ ಥರಾನೇ ಇರ್ಬೇಕು" ಅಂತ ಮತ್ತೆ ಫೋನು.

ಅಪ್ಪ ಬೆನ್ನ ಹಿಂದೆ ಬಂದು ನಿಂತರು. ಈಗ ಮಂಡ್ಯದ ಈ ಸ್ಟುಡಿಯೊ ನನ್ನದು, ಅವರದು ಬಾಗಿಲ ಪಕ್ಕದ ಕುರ್ಚಿ.

"ಏನವ್ವ ರಂಜಿತ, ಗೀರು ಬಿದ್ದದಲ್ಲ?"

"ನಾನೇ ಹಾಕಿದ್ದಪ್ಪ."

"ಒಂದ್ ಗೀರು ಬಿದ್ರೆ ಗಿರಾಕಿಗಳು ನನ್ ಕತ್ತಿನ ಪಟ್ಟಿಗೇ ಕೈ ಹಾಕೋರು. ನೀನು ಕೂತ್ಕಂಡು ಗೀಚ್ತಾ ಇದ್ದೀಯ!"

ಇಬ್ಬರೂ ನಕ್ಕೆವು. ಆಮೇಲೆ ಸುಮ್ಮನೆ ನೆನಪು... ಬ್ಲ್ಯಾಕ್ ಅಂಡ್ ವೈಟ್ ಕಾಲದಲ್ಲಿ ಮನೆಯ ಬಚ್ಚಲೇ ಅಪ್ಪನ ಫೋಟೊ ತೊಳೆಯುವ ಡಾರ್ಕ್‌ರೂಮ್. ಕೆಂಪು ಬಲ್ಬು ಹೊತ್ತಿದರೆ ಒಳಗೆ ಯಾರೂ ಹೋಗುವಂತಿಲ್ಲ. ಪರೀಕ್ಷೆಯ ದಿನವೂ ನಾನು ಪಕ್ಕದ ಮನೆಯಲ್ಲಿ ಸ್ನಾನ ಮಾಡಿ ಸ್ಕೂಲಿಗೆ ಹೋಗಿದ್ದೇನೆ. ಅಮ್ಮನ ಸೀರೆಗೂ ಆ ಹೈಪೊ ದ್ರಾವಣದ ವಾಸನೆ. ತಟ್ಟೆಯ ನೀರಿನಲ್ಲಿ ಬಿಳಿ ಕಾಗದದೊಳಗಿಂದ ಮೊದಲು ಕಣ್ಣು, ಆಮೇಲೆ ಮೀಸೆ, ಆಮೇಲೆ ಮನುಷ್ಯ. ಆ ನಿಧಾನವನ್ನು ತರುವ ಎಫೆಕ್ಟು ನನ್ನ ಕಂಪ್ಯೂಟರಿನಲ್ಲಿ ಇಲ್ಲ.

ಫೆಬ್ರವರಿ 5

ಲೈಟ್ ಲೀಕ್ ಹಾಕಿದೆ. ಬಲ ಅಂಚಿನಿಂದ ಕಿತ್ತಳೆ ಬೆಳಕು ಉಕ್ಕಿ ಹುಡುಗ-ಹುಡುಗಿಯ ಮುಖದ ಮೇಲೆ ಹರಿದ ಹಾಗೆ. ಚೆನ್ನಾಗಿ ಬಂತು. ದೀಪಿಕಳಿಗೆ ಕಳಿಸಿದೆ. ಸಾಲು ಸಾಲು ಹಾರ್ಟು.

ಅಪ್ಪ ನೋಡಿದರು. ಈ ಸಲ ನಗಲಿಲ್ಲ. "ಇದ್ ಬ್ಯಾಡ ಕಣವ್ವ" ಎಂದು ಎದ್ದು ಹೋದರು. ಯಾಕೆ ಅಂತ ಕೇಳುವಷ್ಟರಲ್ಲಿ ಪೇಟೆ ಬೀದಿ ತಿರುವಿನಲ್ಲಿದ್ದರು.

ಫೆಬ್ರವರಿ 7, ಮಧ್ಯಾಹ್ನ

ಅಂಗಡಿ ಬಾಗಿಲು ಅರ್ಧ ಎಳೆದು ಕೂತಿದ್ದೇನೆ. ಬರೆದುಬಿಡಬೇಕು.

ಹನ್ನೊಂದರ ಹೊತ್ತಿಗೆ ದೀಪಿಕಳ ತಾಯಿ ಬಂದರು. ಅಂಕಮ್ಮ. ಮಳವಳ್ಳಿ ಬಸ್ಸಿಳಿದು ನೇರ ಇಲ್ಲಿಗೆ. ಕೂರಲಿಲ್ಲ. ಮಗಳ ಫೋಟೊ ಇದ್ದ ಫೋನನ್ನು ನನ್ನ ಮುಖಕ್ಕೆ ಹಿಡಿದರು.

"ಮದ್ವೆ ಎಣ್ಣಿನ್ ಮೊಕಕ್ಕೆ ಬೆಂಕಿ ಇಕ್ಕಿದ್ದೀಯಲ್ಲವ್ವ! ನಿನ್ಗೂ ಮಕ್ಕಳಿಲ್ವಾ?"

ಈಗಿನ ಸ್ಟೈಲು ಅಂದೆ. ದೀಪಿಕಳೇ ಕೇಳಿದ್ದು ಅಂದೆ.

"ಅವ್ಳಿಗೇನ್ ಗೊತ್ತು? ನನ್ ಮದ್ವೆ ಫೋಟೊನೂ ಇಂಗೇ ಆಗಿತ್ತಂತೆ. ಬೆಂಕಿ ನುಂಗ್ದಂಗೆ. ನಮ್ಮಪ್ಪ ನನ್ ಕಣ್ಗೂ ತೋರಿಸ್ದೆ ಒಲೆಗಾಕ್ಬುಟ್ಟ. ಎರಡೊರ್ಸಕ್ಕೆ ನಮ್ಮವ್ವ ತೀರ್ಕೊಂಡ್ಲು. ಆ ಫೋಟೊದಲ್ಲೇ ಸಕುನ ಇತ್ತು ಅಂತ ಊರೆಲ್ಲ ಆಡ್ಕೊಂಡ್ತು. ನಾನು ಮದ್ವೆ ಆಗಿದ್ದಕ್ಕೇ ಅವ್ವ ಸತ್ತಂಗಾಯ್ತು."

ಅಪ್ಪ ಕುರ್ಚಿಯಿಂದ ಕೇಳಿದರು. ದನಿ ಬೇರೆಯೇ ಇತ್ತು.

"ತವ್ರು ಯಾವೂರವ್ವ?"

"ಕೆರಗೋಡು. ನಿಂಗಯ್ನೋರ್ ಮಗ್ಳು."

ಅಪ್ಪ ಎದ್ದು ನಿಂತರು. "ತೊಂಬತ್ಮೂರ್ನೇ ಇಸ್ವಿ. ಮನೆ ಮುಂದೆ ಚಪ್ಪರ. ಆ ಫೋಟೊ ತೆಗ್ದೋನು ನಾನೇ ಕಣವ್ವ. ಮಹದೇವು."

ಅಂಕಮ್ಮ ಆಗ ಕೂತರು.

ಅಪ್ಪ ಹೇಳಿದ್ದು ಇಷ್ಟು. ಮದುವೆಗೆ ಹೋಗುವಾಗ ದಾರಿಯಲ್ಲಿ ಸ್ಕೂಟರ್ ಜಾರಿತು. ಕ್ಯಾಮೆರಾದ ಹಿಂದಿನ ಮುಚ್ಚಳ ಸಡಿಲವಾಯಿತು, ಗೊತ್ತಾಗಲಿಲ್ಲ. ಸಂದಿಯಲ್ಲಿ ಬೆಳಕು ನುಗ್ಗಿ ಕಲರ್ ರೀಲು ಕೆಟ್ಟಿತು.

"ಬೆಳಕು ನುಗ್ತು, ಅಷ್ಟೇಯ. ಬೆಂಕಿನೂ ಅಲ್ಲ, ಸಕುನನೂ ಅಲ್ಲ. ನಿಮ್ಮಪ್ಪಂಗೂ ಯೇಳ್ದೆ. ಒಸ್ಲು ದಾಟಕ್ಕೇ ಬುಡ್ನಿಲ್ಲ. ಅವ್ವನ ಇಸ್ಯ ನಂಗೆ ಗೊತ್ತಿರ್ನಿಲ್ಲ ತಾಯಿ... ಇವತ್ತೇ ಕೇಳಿದ್ದು."

ಅಂಕಮ್ಮ ಸೆರಗಿನ ತುದಿ ಸುತ್ತುತ್ತಾ, ಬಿಚ್ಚುತ್ತಾ ಕೂತರು. ಅಪ್ಪನೇ ಮತ್ತೆ ಮಾತಾಡಿದರು.

"ಸುಟ್ಟಿದ್ದು ಪ್ರಿಂಟು. ನೆಗೆಟಿವ್ ನನ್ತಾವೇ ಅದೆ. ಬಿಸಾಕಕ್ಕೆ ಮನ್ಸು ಬರ್ನಿಲ್ಲ."

"ಅದ್ರಲ್ಲಿ ನಮ್ಮವ್ವ ಅವ್ಳಾ?"

ತನ್ನ ಮದುವೆಯ ಫೋಟೊ. ಗಂಡ ಕಾಣುತ್ತಾನಾ ಅಂತ ಕೇಳಲಿಲ್ಲ, ತಾನು ಕಾಣುತ್ತೇನಾ ಅಂತಲೂ ಕೇಳಲಿಲ್ಲ.

ಫೆಬ್ರವರಿ 8

ನೆಗೆಟಿವ್ ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು. ಸ್ಕ್ಯಾನ್ ಮಾಡಿದೆ. ಹೆಚ್ಚಿನವು ಪೂರ್ತಿ ಬಿಳಿ. ಕೆಲವದರಲ್ಲಿ ಚಪ್ಪರದ ಬಿದಿರು ಗಳ, ಯಾರದೋ ಪೇಟ. ಧಾರೆಯ ಫೋಟೊ ಒಂದು ಉಳಿದಿದೆ. ಅಂಕಮ್ಮ ತಲೆ ತಗ್ಗಿಸಿದ್ದಾರೆ, ಇಪ್ಪತ್ತು ದಾಟಿಲ್ಲ. ಪಕ್ಕದಲ್ಲಿ ಚೆಂಬು ಬಗ್ಗಿಸಿ ಹಾಲು ಬಿಡುತ್ತಿರುವವರು ತಾಯಿ ಪಟ್ಟಲಮ್ಮ. ಮುಖದ ಒಂದರ್ಧ ಚೆನ್ನಾಗಿದೆ. ಇನ್ನರ್ಧದ ಮೇಲೆ ಅದೇ ಕಿತ್ತಳೆ ಬೆಳಕು, ನಡುವಿನಲ್ಲಿ ಬಿಳಿ. ಅಲ್ಲಿ ಏನೂ ಉಳಿದಿಲ್ಲ.

ಅಂಕಮ್ಮನ ಹತ್ತಿರ ತಾಯಿಯದು ಬೇರೆ ಫೋಟೊ ಒಂದೂ ಇಲ್ಲ. ಫೋನಿನಲ್ಲಿ ಕೇಳಿದೆ.

ಇಡೀ ದಿನ ಅಪ್ಪ ಊಟಕ್ಕೂ ಸರಿಯಾಗಿ ಕೂರಲಿಲ್ಲ. "ಆ ಎಣ್ಣು ಮೂವತ್ತೊರ್ಸ ತಲೇಲಿ ಒತ್ಕಂಡಿದ್ಲಲ್ಲವ್ವ ಅದ್ನ" ಅಂದರು. "ಇನ್ನೊಂದ್ಸಲ ಓಗಿ ಯೇಳ್ಬೇಕಾಗಿತ್ತು."

ಫೆಬ್ರವರಿ 13

ನಾಲ್ಕೈದು ದಿನ ಇದೇ. ದೀಪಿಕಳ ಆಲ್ಬಮ್ ಪಕ್ಕಕ್ಕಿಟ್ಟಿದ್ದೇನೆ. ಕಿತ್ತಳೆ ಬಣ್ಣ ತೆಗೆದೆ. ಕೆನ್ನೆ ಒಂದಿಷ್ಟು ವಾಪಸು ಬಂತು. ಬಿಳಿಯಾದ ಜಾಗಕ್ಕೆ ಏನು ಮಾಡುವುದು? ಉಳಿದ ಅರ್ಧವನ್ನೇ ಮಗುಚಿ ಈ ಕಡೆ ಕೂರಿಸಿದೆ. ಅಂಟಿಸಿದ್ದು ಕಾಣದಿರಲಿ ಅಂತ ಗ್ರೇನ್ ಹಾಕಿದೆ, ಎರಡು ಗೀರು ಎಳೆದೆ, ಬಣ್ಣ ಮಾಸಿಸಿದೆ. ಈ ಕೆಲಸವೇ ತಾನೆ ನನಗೆ ಬರುವುದು. ಪೂರ್ತಿ ಮುಖ. ಯಾರಿಗೂ ಗೊತ್ತಾಗದು. ಅಪ್ಪನಿಗೂ ಗೊತ್ತಾಗಲಿಲ್ಲ.

ಫೆಬ್ರವರಿ 15

ಅಂಕಮ್ಮ ದೀಪಿಕಳ ಜೊತೆ ಬಂದರು. ಪ್ರಿಂಟ್ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. ದೂರ ಹಿಡಿದರು, ಹತ್ತಿರ ಹಿಡಿದರು.

"ಯಾರವ್ವ ಇದು?"

"ನಿಮ್ಮಮ್ಮ."

"ಅಲ್ಲ."

ದೀಪಿಕ, "ಅಮ್ಮ, ಎಷ್ಟು ಕಷ್ಟಪಟ್ಟು ಮಾಡವ್ರೆ..." ಎನ್ನುತ್ತಿದ್ದಳು. ತಡೆದೆ. ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿದ್ದನ್ನು ತೆರೆದೆ. ನಾನು ಏನೂ ಮುಟ್ಟಿರದ್ದು. ಬೆಳಕು ಹಾಗೇ ಇರುವುದು.

ಅಂಕಮ್ಮ ಪರದೆಗೆ ಮುಖ ಹಚ್ಚಿದರು. ಬಾಯಿ ತೆರೆದೇ ಇತ್ತು. ಬೆರಳು ಚೆಂಬಿನ ಮೇಲೆ, ಬಳೆಗಳ ಮೇಲೆ, ಕೊನೆಗೆ ಆ ಅರ್ಧ ಮುಖದ ಮೇಲೆ. ಅತ್ತರು. ಸದ್ದಿಲ್ಲದೆ, ಬಹಳ ಹೊತ್ತು. ಅಜ್ಜಿಯನ್ನು ಮೊದಲ ಸಲ ನೋಡುತ್ತಿದ್ದ ದೀಪಿಕಳೂ ಅತ್ತಳು.

"ಇದೇ ಕೊಡು."

"ಅರ್ಧ ಮುಖ ಕಾಣಲ್ವಲ್ಲ ಅಂಕಮ್ಮ..."

"ಅರ್ಧ ಸಾಕು ಬುಡವ್ವ. ಇನ್ನರ್ಧ ನಂಗೊತ್ತದೆ."

ಅಪ್ಪ ಕುರ್ಚಿ ಬಿಟ್ಟು ಎದ್ದು ಅಂಗಡಿಯಾಚೆ ನಿಂತರು, ರಸ್ತೆ ನೋಡುವವರ ಹಾಗೆ. ಹೋಗುವಾಗ ಅಂಕಮ್ಮ ಅವರ ಮುಂದೆ ನಿಂತರು.

"ಮದ್ವೆಗೆ ಬರ್ಬೇಕು ಕಣಣ್ಣ. ಮುಂದಿನ್ ಸಾಲಲ್ಲೇ ಕೂರ್ಬೇಕು."

ಅಪ್ಪ ತಲೆಯಾಡಿಸಿದರು.

ಮಗಳ ಆಲ್ಬಮಿನ ಬೆಂಕಿಯ ಬಗ್ಗೆ ನಾನೇ ಕೇಳಿದೆ. ತೆಗೆಯಲಾ? "ಅವ್ಳ ಮದ್ವೆ, ಅವ್ಳಿಷ್ಟ. ಬೆಳಕು ತಾನೆ" ಅಂದರು.

ಮಾರ್ಚ್ 12

ಇಷ್ಟು ದಿನ ಬರೆಯಲಿಲ್ಲ. ದೀಪಿಕಳ ಮದುವೆ ಮುಗಿಯಿತು. ಅಪ್ಪ ಇಸ್ತ್ರಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ತಾವಾಗಿ ಹಳೆಯ ಮದುವೆಗಳ ಕಥೆ ತೆಗೆದರು. ಮಂಡ್ಯ ಬರುವವರೆಗೂ ನಿಲ್ಲಿಸಲಿಲ್ಲ. ಎಷ್ಟು ವರ್ಷವಾಗಿತ್ತು ಹೀಗೆ ಮಾತಾಡಿ.

ಅಂಕಮ್ಮ ಆಗಾಗ ಫೋನ್ ಮಾಡುತ್ತಾರೆ. ಫೋಟೊದಲ್ಲಿಲ್ಲದ ಅರ್ಧವನ್ನು ಹೇಳುತ್ತಾರೆ. ಮರೆಯುವ ಮೊದಲು ಬರೆದಿಡುತ್ತೇನೆ. ಆ ಕಡೆಯ ಹುಬ್ಬಿನಲ್ಲಿ ಒಂದು ಕೊರಕಲು, ಹಸು ಹಾಯ್ದದ್ದು. ನಗುವಾಗ ಆ ಕಡೆ ತುಟಿ ಮಾತ್ರ ಮೇಲೇಳುತ್ತಿತ್ತು, ಈ ಕಡೆಯದಕ್ಕೆ ಸುದ್ದಿಯೇ ಇಲ್ಲದ ಹಾಗೆ. ಕಿವಿಯ ಹಿಂದೆ ಯಾವಾಗಲೂ ಒಂದು ದವನದ ಕಡ್ಡಿ. ಮಗಳನ್ನು ಬೈಯುವಾಗ ಆ ಕಣ್ಣು ಮಾತ್ರ ಸಣ್ಣ—

ಫೋನು. ಅವರೇ. ಇನ್ನೊಂದು ನೆನಪಾಯಿತಂತೆ—