ಕೆಳಗಿನ ಬಲಚುಕ್ಕಿ

೩ ಏಪ್ರಿಲ್ ೨೦೦೬, ಸೋಮವಾರ
ಇವತ್ತಿಗೆ ನಲವತ್ತೊಂದು ಹಳೆ ತೇಪೆ ಕಿತ್ತು ಹಾಕಿದೆ. ನಮ್ಮ ಕಂಪನಿಯ ಆಪರೇಟಿಂಗ್ ಸಿಸ್ಟಂ ಒಳಗೆ ಹೊಕ್ಕರೆ ಹಳೆ ಅಟ್ಟ ಹತ್ತಿದ ಹಾಗೆ. ಕಂಪ್ಯೂಟರಿಗೆ ಸಿಕ್ಕಿಸುವ ಯಾವುದೋ ಕಾಲದ ಕಾರ್ಡು, ಅದಕ್ಕೇನೋ ದೋಷ, ಆ ದೋಷಕ್ಕೊಂದು ತೇಪೆ. ನನಗಿಂತ ಮೊದಲು ಇದನ್ನು ನೋಡಿಕೊಳ್ಳುತ್ತಿದ್ದ ಮುರಳೀಧರ ಕೆಲಸ ಬಿಡುವಾಗ ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಹೋದರು.

ಕೊನೆಯದು ಒಂದು ಪ್ರಿಂಟರ್ ಕಾರ್ಡಿನದು. ಆರೇ ಸಾಲು ಕೋಡ್. ಮೇಲೆ ಅವರ ಟಿಪ್ಪಣಿ: "ಈ ಕಾರ್ಡ್ ರೆಡಿ ಅಂದರೆ ನಂಬಬೇಡಿ. ಸ್ವಲ್ಪ ಕಾಯಿರಿ." ಯಾಕೆ, ಯಾರಿಗಾಗಿ... ಬರೆದಿಲ್ಲ. ಗಿರಾಕಿಗಳಿಗೆಲ್ಲ ಇಮೇಲ್ ಹಾಕಿ ಕೇಳಿದ್ದೆ, ಈ ಕಾರ್ಡ್ ಯಾರಾದರೂ ಬಳಸುತ್ತೀರಾ ಅಂತ. ಎರಡು ವಾರ, ಒಂದು ಉತ್ತರವಿಲ್ಲ. ಡಿಲೀಟ್. ಬೇಡದ ಸಾಮಾನು ಮನೆಯಲ್ಲಿ ಕಂಡರೆ ಸುಬೇದಾರ್ ಅಪ್ಪನಿಗೆ ಆಗುತ್ತಿರಲಿಲ್ಲ. ನನಗೂ ಆಗದು.

೧೪ ಏಪ್ರಿಲ್
ಮೀಟಿಂಗಿನಲ್ಲಿ ಚಂದ್ರಶೇಖರ್ ಸರ್ ಹೊಗಳಿದರು. "ದೇಚಮ್ಮ ಗುಡಿಸಿ ಒರೆಸಿಬಿಟ್ಟಿದ್ದಾಳೆ." ಎಲ್ಲರಿಗೂ ಸಮೋಸಾ. ಮೇ ತಿಂಗಳಲ್ಲಿ ಸಿಸ್ಟಮ್ಮಿನ ಹೊಸ ಸಿ.ಡಿ. ಗಿರಾಕಿಗಳಿಗೆ ಹೊರಡುತ್ತದೆ. ಖುಷಿಯಾಗಿದೆ, ಸುಳ್ಳು ಯಾಕೆ ಹೇಳಲಿ.

೨೧ ಆಗಸ್ಟ್, ಸೋಮವಾರ
ಫರೀದಾಬಾದಿನ ಬ್ರೈಲ್ ಪ್ರೆಸ್ಸಿನಿಂದ ಫೋನ್. ಅಲ್ಲಿರುವುದು ನಮ್ಮ ಕಂಪನಿ ದಾನ ಕೊಟ್ಟ, ನಮ್ಮದೇ ಸಿಸ್ಟಂ ಇರುವ ಕಂಪ್ಯೂಟರ್. ದೂರೇನೂ ಇಲ್ಲವಂತೆ. ಪ್ರೂಫ್ ನೋಡುವವರು ತಿಂಗಳ ಕೊನೆಗೆ ಬಿಡುತ್ತಿದ್ದಾರೆ, ಅವರ ಬದಲು ತಪ್ಪು ಹಿಡಿಯುವ ಸಾಫ್ಟ್‌ವೇರ್ ಬೇಕು ಅಂದರು ಮ್ಯಾನೇಜರ್ ಸಂದೀಪ್. ನಾಳೆ ನಾನೇ ಹೋಗಬೇಕು. ದೆಹಲಿ ದಾಟುವಾಗಿನ ಬದರ್‌ಪುರದ ಟ್ರಾಫಿಕ್ ಜಾಮ್ ನೆನೆದೇ ಸುಸ್ತು.

೨೨ ಆಗಸ್ಟ್, ಸಂಜೆ ೬
ಆದದ್ದು ಆದ ಹಾಗೇ ಬರೆಯುತ್ತೇನೆ.

ಪ್ರೂಫ್ ನೋಡುವವರು ವೆಂಕಟಸುಬ್ಬಯ್ಯ. ಮೈಸೂರಿನವರು. ಹುಟ್ಟಿನಿಂದ ಕಣ್ಣಿಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ. ನನ್ನ ಹೆಸರು ಕೇಳಿದ್ದೇ ಮುಖ ಅರಳಿತು. "ಕೊಡಗಿನವ್ರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಭಯ್ಯಾ, ದೋ ಚಾಯ್!"

ಯಾಕೆ ಬಿಡುತ್ತಿದ್ದೀರಿ ಅಂತ ಕೇಳಿದೆ.

"ಶುಗರ್ ಅಮ್ಮಾ. ಬೆರಳಿನ ಸ್ಪರ್ಶ ಹೋಯ್ತು. ಮೇ ತಿಂಗಳಿಂದ ಕೆಳಗಿನ ಬಲಚುಕ್ಕಿ ಆಗಾಗ ಸಿಗೋದೇ ಇಲ್ಲ."

"ಹಳೆ ಪುಸ್ತಕ ಓದಿ ನೋಡಿದ್ರಾ ಸರ್?"

"ಅವೆಲ್ಲ ಬಾಯಿಪಾಠ. ಬೆರಳು ಓದುತ್ತೋ, ನೆನಪು ಓದುತ್ತೋ, ಹ್ಯಾಗೆ ಹೇಳೋದು?"

"ಅಚ್ಚಿನ ಮಷೀನೇ ತಪ್ಪು ಮಾಡ್ತಿದ್ರೆ?"

ನಕ್ಕರು. "ಇಷ್ಟು ವರ್ಷದಲ್ಲಿ ಅದು ಒಂದು ಚುಕ್ಕಿ ತಪ್ಪಿಲ್ಲ. ವಯಸ್ಸಾಗಿದ್ದು ನಂಗೆ, ಅದಕ್ಕಲ್ಲ."

ಮೇ ತಿಂಗಳು. ನಮ್ಮ ಸಿ.ಡಿ. ಹೊರಟ ತಿಂಗಳು. ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದೆ. ಅಚ್ಚಿನ ಮಷೀನಿಗೆ ತಂತಿ ಹೋಗುವ ಕಡೆ ಅದೇ ಪ್ರಿಂಟರ್ ಕಾರ್ಡ್! ಬ್ರೈಲ್ ಅಕ್ಷರದ ಆರು ಚುಕ್ಕಿಗೆ ಆರು ತಂತಿ. ಕೊನೆಯ ತಂತಿಯ ಸಂಕೇತ ಚೂರು ತಡವಾಗಿ ಬರುತ್ತದೆ, ಕಾರ್ಡ್ ಮಾತ್ರ ಮೊದಲೇ ರೆಡಿ ಅನ್ನುತ್ತದೆ. ಕಾಯಲು ಹೇಳುವ ಆರು ಸಾಲನ್ನು ಕಿತ್ತವಳು ನಾನು. ನನ್ನ ಇಮೇಲ್ ಈ ಪ್ರೆಸ್ಸಿಗೂ ಬಂದಿತ್ತು. ಕಾರ್ಡಿನ ಹೆಸರು ಇವರಿಗೆ ಹೇಗೆ ಗೊತ್ತಿರಬೇಕು?

ಅಲ್ಲೇ ಹೇಳಲಿಲ್ಲ. ಮೊದಲು ಖಚಿತವಾಗಲಿ ಅಂದುಕೊಂಡೆ. ಇಲ್ಲ, ಹೆದರಿದೆ.

೨೪ ಆಗಸ್ಟ್
ಮತ್ತೆ ಪ್ರೆಸ್ಸಿಗೆ ಹೋಗಿ, ಆರು ಸಾಲು ಇರುವ ಹಳೆಯ ಸಿ.ಡಿ. ಹಾಕಿ, ವೆಂಕಟಸುಬ್ಬಯ್ಯ ಓದಿರದ ಐದು ಪುಟ ಅಚ್ಚು ತೆಗೆದೆ. ಹೊಸದರಿಂದ ಅವೇ ಐದು. ಇಸ್ಪೀಟು ಕಲಸಿದ ಹಾಗೆ ಕಲಸಿ ಮುಂದಿಟ್ಟೆ. ಯಾಕೆಂದು ಹೇಳಲಿಲ್ಲ. ಅವರು ಓದುತ್ತಾ ಎರಡು ಗುಡ್ಡೆ ಮಾಡಿದರು. "ಇವು ಸರಿ. ಇವುಗಳಲ್ಲಿ ಚುಕ್ಕಿ ಸಿಗ್ತಿಲ್ಲ." ಹತ್ತಕ್ಕೆ ಹತ್ತೂ ಸರಿ.

ಹೇಳಿಬಿಟ್ಟೆ. ನಿಮ್ಮ ಬೆರಳಿಗೆ ಏನೂ ಆಗಿಲ್ಲ, ಮಾಡಿದ್ದು ನಾನು ಅಂತ. ಬೈಯಲಿ ಅಂತ ಕಾದೆ. ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಮುನ್ನೂರ ನಲವತ್ತು ಪುಸ್ತಕ ಶಾಲೆಗಳಿಗೆ ಹೋಗಿವೆ. ಎಂಟನೇ ಕ್ಲಾಸಿನ ಗಣಿತ. ಚುಕ್ಕಿ ಇಲ್ಲ ಅಂತ ಬೆರಳು ಹೇಳ್ತಾನೇ ಇತ್ತು. ನಾನು ಮಷೀನ್ ನಂಬಿ ಪಾಸ್ ಮಾಡ್ದೆ." ಆಮೇಲೆ ಮೆಲ್ಲಗೆ, "ಆ ಮಕ್ಕಳೂ ತಮ್ಮ ಬೆರಳೇ ತಪ್ಪು ಅಂದ್ಕೊಂಡಿರ್ತಾವೆ, ಅಲ್ವಾ?"

ಅಳು ತಡೆಯಲಾಗಲಿಲ್ಲ. ಕೇಳಿಸಿರಬೇಕು. ತಮ್ಮ ಟೀ ಲೋಟವನ್ನು ನನ್ನ ಕಡೆ ಸರಿಸಿದರು.

೪ ಸೆಪ್ಟೆಂಬರ್, ಸೋಮವಾರ
ಆರು ಸಾಲು ವಾಪಸ್ ಹಾಕಿದೆ. ಚಂದ್ರಶೇಖರ್ ಸರ್ ಮುಖ ಗಂಟಿಕ್ಕಿದರು. "ಒಂದು ಪ್ರೆಸ್ಸಿಗೋಸ್ಕರಾನಾ?" ಹೌದು ಅಂದೆ.

ವೆಂಕಟಸುಬ್ಬಯ್ಯ ರಾಜೀನಾಮೆ ಹಿಂದಕ್ಕೆ ತೆಗೆದುಕೊಂಡರು. ಶಾಲೆ ಶಾಲೆಗೂ ತಾವೇ ಪತ್ರ ಬರೆಯುತ್ತಿದ್ದಾರೆ, ಪುಸ್ತಕ ವಾಪಸ್ ಕಳಿಸಿ, ತಪ್ಪು ಅವರ ಬೆರಳಿನದಲ್ಲ ಎಂದು ಮಕ್ಕಳಿಗೆ ಹೇಳಿ ಅಂತ. ಇವತ್ತಿನವರೆಗೆ ಹನ್ನೊಂದು ಪುಸ್ತಕ ಬಂದಿವೆ.

ಟಿಪ್ಪಣಿಯಲ್ಲಿ ಈ ಸಲ ಎಲ್ಲ ಬರೆದೆ. ಯಾವ ಮಷೀನ್, ಯಾವ ಚುಕ್ಕಿ. ಕೊನೆಗೆ, "ತೆಗೆಯುವ ಮೊದಲು ವೆಂಕಟಸುಬ್ಬಯ್ಯನವರಿಗೆ ಫೋನ್ ಮಾಡಿ", ಅವರ ನಂಬರ್ ಸಮೇತ. ಅವರಿಗೆ ಫೋನಿನಲ್ಲಿ ಓದಿ ಹೇಳಿದೆ.

"ಅಚ್ಛಾ," ಅಂದರು. "ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀನಲ್ಲಮ್ಮಾ. ಆಮೇಲೆ ಫೋನ್ ಯಾರು ಎತ್ತಾರೆ?"



೫ ಸೆಪ್ಟೆಂಬರ್, ಬೆಳಿಗ್ಗೆ ೯
ಕಿತ್ತದ್ದು ನಲವತ್ತೊಂದು. ವಾಪಸ್ ಹಾಕಿದ್ದು ಒಂದು. ಪಟ್ಟಿ ತೆಗೆದುಕೊಂಡು ಕೂತಿದ್ದೇನೆ. ಮೊದಲನೆಯದು ಒಂದು ಹಳೆ ಸೌಂಡ್ ಕಾರ್ಡ್. ಮುರಳೀಧರ ಅವರ ಟಿಪ್ಪಣಿ ಎರಡೇ ಪದ: "ಒಬ್ಬರಿಗೆ ಬೇಕು."

ಯಾರು ಆ ಒಬ್ಬರು? ಅವರ ಪಾಲಿಗೆ ಮೇ ತಿಂಗಳಿಂದ ಏನು ನಿಂತು ಹೋಗಿದೆ?

ಮುರಳೀಧರ ಅವರ ಹಳೆ ನಂಬರ್ ಅಕೌಂಟ್ಸ್‌ನಲ್ಲಿ ಸಿಕ್ಕಿತು. ರಿಂಗ್ ಆಗುತ್ತಿದೆ. ಇನ್ನೂ ಯಾರೂ ಎತ್ತಿ—