ಎರಡು ಮುಕ್ಕಾಲು ಸೇರು ಸೋಡಾ

ಖಜೂರಿ, ತಾ. ೨೮ ಜೂನ್ ೧೯೪೮
ಬೆಳಗಿನ ನಾಲ್ಕು ಗಂಟೆ

ಶಿವಕಾಂತಾಳ ತಂದೆಯವರಿಗೆ ನಮಸ್ಕಾರ.

ಮಗಳು ಮೈ ಪರಪರ ಕೆರೆದುಕೊಳ್ಳುವ ಸದ್ದಿಗೆ ಎಚ್ಚರವಾಯಿತು. ಮತ್ತೆ ನಿದ್ದೆ ಹತ್ತಲಿಲ್ಲ. ಸೊಲ್ಲಾಪುರದ ನೀರು ನಿಮಗೆ ಒಗ್ಗಿತೇ? ಕೆಮ್ಮು ಹೇಗಿದೆ? ನಿಜಾಮನ ರಜಾಕಾರರ ಕೈಗೆ ಸಿಗದೆ ಗಡಿಯಾಚೆ ಇದ್ದೀರಿ, ಅಷ್ಟೇ ಸಮಾಧಾನ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ.

ಗಡಿ ಮುಚ್ಚಿ ಸಾಬೂನು ಸಿಗದಂತಾದಾಗಿನಿಂದ ಮಗುವಿಗೆ ಮೈತುಂಬ ಕಜ್ಜಿ. ಮನೆಯ ಕುಸುಬಿ ಎಣ್ಣೆಯಿಂದ ನೀನೇ ಸಾಬೂನು ಮಾಡು ಎಂದು ನೀವು ಕರೀಮಸಾಬನ ಗಾಡಿಯಲ್ಲಿ ಕಾಸ್ಟಿಕ್ ಸೋಡಾ ಕಳಿಸಿದಿರಿ. ನಲವತ್ತು ಸೇರು ಎಣ್ಣೆಗೆ ಬೇಕಾದಷ್ಟಿದೆ ಎಂದು ಮಾವನವರಿಗೆ ಹೇಳಿಯೂ ಕಳಿಸಿದಿರಿ. ತೂಗಿದೆ. ಎರಡು ಮುಕ್ಕಾಲು ಸೇರು. ಅಷ್ಟು ಎಣ್ಣೆಗೆ ಐದೂವರೆ ಬೇಕು. ಇರುವ ಸೋಡಾ ಇಪ್ಪತ್ತು ಸೇರು ಎಣ್ಣೆಗೇ ತೀರಿಹೋಗುತ್ತದೆ; ಒಣ ಸಾಬೂನೂ ಇಪ್ಪತ್ತು ಸೇರು, ಮೇಲೊಂದಿಷ್ಟು. ಯಾವುದು ಮೊದಲು ತೀರುತ್ತದೋ ಅದರಿಂದಲೇ ಲೆಕ್ಕ ಹಿಡಿಯಬೇಕು. ಹೈದರಾಬಾದಿನ ಕಾಲೇಜಿನಲ್ಲಿ ನಿಮ್ಮ ಮುಂದಿನ ಬೆಂಚಿನಲ್ಲಿ ಕೂತು ನಾನೂ ಕಲಿತದ್ದು.

ಮಾವ ಕೇಳಲಿಲ್ಲ. "ಹಿಟ್ಟು ಎಷ್ಟಿದ್ರ ರೊಟ್ಟಿ ಅಷ್ಟ. ಎಣ್ಣಿ ಎಷ್ಟೈತಿ, ಸಾಬೂನು ಅಷ್ಟ ಆಗ್ತೈತಿ. ಸುರುವವ್ವಾ" ಎಂದು ತಾವೇ ಎಣ್ಣೆಯನ್ನೆಲ್ಲ ಬಗ್ಗಿಸಿದರು. ಅರ್ಧ ಎಣ್ಣೆ ಎಣ್ಣೆಯಾಗಿಯೇ ಉಳಿದು, ಕಡಾಯಿಯ ತುಂಬ ಗಟ್ಟಿಯಾಗದ ಜಿಡ್ಡು. ಸೋಡಾ ಅರ್ಧವೇ ಇತ್ತು ಎಂದೆ. ನನ್ನ ಲೆಕ್ಕ ನನ್ನ ಕೊರಳಿಗೇ ಬಂತು. "ನನ್ನ ಮಗ ಪೂರಾ ಕಳಿಸ್ಯಾನ. ಉಳಿದದ್ದು ಎಲ್ಲಿ ಹೋತು? ಅತನೂರಿಂದ ನಿಮ್ಮಣ್ಣ ಸುಮ್ನ ಬಂದಿದ್ದನೇನು?" ಎಂದರು ಅತ್ತೆ. ಅಣ್ಣನ ಕೈಲಿ ತವರಿಗೆ ಸಾಗಿಸಿದೆನಂತೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಗುವಿನ ತಲೆ ಮುಟ್ಟಿ ಆಣೆ ಮಾಡಬೇಕಂತೆ. ಇಲ್ಲವಾದರೆ ಮಗುವನ್ನು ಇಲ್ಲೇ ಬಿಟ್ಟು ತವರಿನ ದಾರಿ ಹಿಡಿಯಬೇಕಂತೆ. ನಾನು ಕದ್ದಿಲ್ಲ. ಆದರೂ ಹುಣ್ಣಾದ ಆ ಪುಟ್ಟ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಲು ನನ್ನಿಂದಾಗದು. ಇಷ್ಟು ಓದಿದವಳಿಂದಲೂ ಆಗದು. ಆಗದು ಅಂದದ್ದಕ್ಕೇ ಈಗ ಕಳ್ಳಿ ಎಂದು ಖಾತ್ರಿಯಾಗಿದೆ.

ಊಟ ತಪ್ಪಿಸಬೇಡಿ. ನಿಮ್ಮ ಮಾತು ತೆಗೆದರೆ ಮಗಳು ಬಾಗಿಲ ಕಡೆ ನೋಡುತ್ತಾಳೆ.

ನಿಮ್ಮ
ನೀಲಾಂಬಿಕೆ

ತಾ.ಕ.: ಈ ಕಾಗದ ಒಯ್ಯಲು ಬಂದ ಕರೀಮಸಾಬ ಕಡಾಯಿ ನೋಡಿ, ಏನೂ ಅರಿಯದೆ ಕೇಳಿದ: "ಅಕ್ಕೋರ, ಸೊಲ್ಲಾಪುರದಾಗ ತುಳಜಾಬಾಯೋರ ಸಾಬೂನು ಚಲೋ ಆಗೈತ್ರಿ, ನಿಮ್ದು ಯಾಕ ಕೆಟ್ಟಿತು? ಸಾಹೇಬ್ರು ಒಂದ ಚೀಲ ಒಡದು ಅರ್ಧ ಅವರಿಗೆ ಕೊಟ್ರು, ಅರ್ಧ ನಿಮಗ." ಆಕೆ ಯಾರೆಂದು ನಾನು ಕೇಳುವುದಿಲ್ಲ. ಅವನ ಮಾತು ಹೇಳಿದರೆ ಈ ಮನೆಯಲ್ಲಿ ನಂಬುವವರೂ ಇಲ್ಲ. ಕಳಿಸಿದ್ದೇ ಅರ್ಧ ಎಂದು ಮಾವನವರಿಗೆ ಒಂದು ಸಾಲು ಬರೆದು ಇದೇ ಗಾಡಿಯಲ್ಲಿ ಕೊಡಿ. ಬರೆಯಲಾಗದಿದ್ದರೆ ಅಮಾವಾಸ್ಯೆಗೆ ನೀವೇ ಬನ್ನಿ. ಮಗುವಿನ ತಲೆಯ ಮೇಲೆ ಕೈಯಿಡಬೇಕಾದವರು ನಾನಲ್ಲ.