ಗಾರ್ಡಪ್ಪನಿಗೆ ಕುಡಿಸಿದ ಎಳನೀರು

ಬೀರೂರು
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಮಗಳು ಪ್ರಜ್ಞಾಳಿಗೆ,

ಹೇಗಿದ್ದೀಯಾ? ಪರೇಡಿನಲ್ಲಿ ಉಳುಕಿದ್ದ ಪಾದ ವಾಸಿಯಾಯಿತೇ? ನಿಮ್ಮ ಪೊಲೀಸ್ ತರಬೇತಿಯಲ್ಲಿ ಭಾನುವಾರ ಬಿಟ್ಟರೆ ಫೋನು ಕೊಡುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ನಿನ್ನ ಬೆಕ್ಕು ಗಾರ್ಡಪ್ಪ ಮಾತ್ರ ಚೆನ್ನಾಗಿಲ್ಲ.

ಹದಿಮೂರು ತುಂಬಿತು, ವಯಸ್ಸಾಯಿತು ಅಂದುಕೊಂಡೆ. ಕುರ್ಚಿಗೂ ಹಾರುತ್ತಿರಲಿಲ್ಲ. ಕತ್ತು ಎತ್ತಲಾಗದೆ, ತಪ್ಪು ಮಾಡಿದವನ ಹಾಗೆ ಗದ್ದವನ್ನು ಎದೆಗೆ ತಾಗಿಸಿಕೊಂಡು ನಿಲ್ಲುತ್ತಿದ್ದ. ಸುಸ್ತಾದವರಿಗೆ ನಮ್ಮ ಕಡೆ ಇನ್ನೇನು ಕೊಡುತ್ತೇವೆ? ದಿನಕ್ಕೆ ನಾಲ್ಕು ಸಲ ಸಿರಿಂಜಿನಲ್ಲಿ ಎಳನೀರು ಕುಡಿಸಿದೆ. ಒಂಚೂರು ಕತ್ತೆತ್ತಿದ. ನಾನೇ ಡಾಕ್ಟರ್ ಅನ್ನುವ ಹಾಗೆ ಬೀಗಿದೆ. ರಕ್ತದಲ್ಲಿ ಪೊಟ್ಯಾಶಿಯಂ ಇಳಿದರೆ ಬೆಕ್ಕುಗಳ ಕತ್ತು ಹೀಗೆ ಬೀಳುತ್ತದಂತೆ. ಕಡೂರಿನ ಪಶುವೈದ್ಯೆ ಡಾಕ್ಟರ್ ನಿಶ್ಚಿತಾ ರಕ್ತ ಪರೀಕ್ಷೆ ಮಾಡಿಸಿದರೆ ಅದು ಸರಿಯಾಗಿಯೇ ಇತ್ತು. ಹಾಗಾಗಿ ಕತ್ತು ಉಳುಕಿರಬೇಕೆಂದು ಔಷಧಿ ಕೊಟ್ಟರು. ಒಂದು ವಾರ ಹೋಯಿತು. ಮತ್ತೆ ಹೋದಾಗ ನಿಮ್ಮಮ್ಮ, "ಎಳನೀರು ಬಿಟ್ರೆ ಬಾಯಿಗೆ ಏನೂ ಮುಟ್ಟಿಸ್ತಿಲ್ಲ ಕಣಮ್ಮ" ಅಂದಳು. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಎಳನೀರಲ್ಲಿ ತುಂಬ್ಕೊಂಡಿರೋದೇ ಪೊಟ್ಯಾಶಿಯಂ ಕಣ್ರೀ. ಕಾಯಿಲೇನ ನೀವೇ ಮುಚ್ಚಿಟ್ಬಿಟ್ರಿ!"

ಎರಡು ದಿನ ಎಳನೀರು ನಿಲ್ಲಿಸಿ ಮತ್ತೆ ರಕ್ತ ತೆಗೆಯಬೇಕಾಯಿತು. ಆ ಎರಡು ದಿನದ ಕಥೆ ಕೇಳಬೇಡ. ಗದ್ದ ನೆಲಕ್ಕೂರಿ ನನ್ನನ್ನೇ ನೋಡುತ್ತಿದ್ದ, ನಾನು ಕೊಡುವಂತಿಲ್ಲ. ಪೊಟ್ಯಾಶಿಯಂ ಪಾತಾಳಕ್ಕಿಳಿದಿತ್ತು, ಬಿಪಿ ವಿಪರೀತ ಏರಿತ್ತು. ಶಿವಮೊಗ್ಗದ ಸ್ಕ್ಯಾನಿಂಗಿನಲ್ಲಿ ಎಡ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಯಲ್ಲಿ ಕಡಲೆಬೀಜದಷ್ಟು ಗಡ್ಡೆ ಕಾಣಿಸಿತು. ಅದು ಸುರಿಸುವ ಹಾರ್ಮೋನಿನಿಂದಲೇ ಇಷ್ಟೆಲ್ಲ ಅಂತೆ. ಬಿಪಿಗೆ ಬಲಗಣ್ಣು ಹೋಗಿದೆ. ವಾರ ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿತ್ತೋ ಏನೋ. ನನ್ನಿಂದಲೇ ತಡವಾಯಿತು ಮಗಳೇ.

ಗುಳಿಗೆ ಕೊಟ್ಟರೆ ಕೆಲವು ತಿಂಗಳು ತಳ್ಳಬಹುದಂತೆ. ಗಡ್ಡೆ ತೆಗೆದರೆ ವರ್ಷಗಟ್ಟಲೆ ಬದುಕಬಹುದು, ಆಪರೇಷನ್ ಮೇಜಿನ ಮೇಲೇ ಹೋಗಲೂಬಹುದು. "ಅವಳ ಬೆಕ್ಕು, ಅವಳನ್ನೇ ಕೇಳಿ" ಎಂದು ನಿಮ್ಮಮ್ಮ ಮೂರು ದಿನದಿಂದ ಜಗಳ ಕಾಯುತ್ತಿದ್ದಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧನ ಕರುಣೆ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಯೋಗಾನಂದ

ತಾ.ಕ.: ಅಂಚೆ ಡಬ್ಬಿಯ ಮುಂದೆ ನಿಂತು ಇದನ್ನು ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಹತ್ತಕ್ಕೆ ಆಪರೇಷನ್. ಕಾದರೆ ಇನ್ನೊಂದು ಕಣ್ಣೂ ಹೋಗುತ್ತದೆ ಅಂತ ಡಾಕ್ಟರ್ ಅಂದರು, ನಿನ್ನನ್ನು ಕೇಳದೆ ಸಹಿ ಹಾಕಿಬಿಟ್ಟೆ. ಇದು ನಿನ್ನ ಕೈ ಸೇರುವಾಗ ಅವನು ಇರುತ್ತಾನೋ ಇಲ್ಲವೋ. ಭಾನುವಾರ ನನ್ನ ನಂಬರಿಗೇ ಫೋನು ಮಾಡು. ಯಾವಾಗಲಿನ ಹಾಗೆ ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟು ಎದ್ದು ಹೋಗುವುದಿಲ್ಲ. ಏನಾಗಿದ್ದರೂ ನಾನೇ ಹೇಳುತ್ತೇನೆ.